ನಾಟಕದ ಗಂಟೆಯಿಂದ ಹಿಂದಕ್ಕೆ: ವಯಸ್ಸಾದ ಅಮ್ಮನೊಂದಿಗೆ ಎರಡು ದಿನದ ಬೆಂಗಳೂರು

ನನ್ನ ಅಮ್ಮನಿಗೆ ಈಗ 74 ವರ್ಷ. ಶಿರಸಿಯ ಮಾರಿಕಾಂಬಾ ಜಾತ್ರೆಯ ಕಂಪನಿ ನಾಟಕಗಳನ್ನು ನೋಡಿ ಬೆಳೆದವರು. ಮಂಡಿನೋವು, ಸಕ್ಕರೆ ಕಾಯಿಲೆ, ಬಲಗಿವಿಗೊಂದು ಶ್ರವಣಸಾಧನ, ಇವಿಷ್ಟನ್ನು ಬಿಟ್ಟರೆ ಗಟ್ಟಿಯಾಗಿದ್ದಾರೆ. ಬೆಂಗಳೂರಿಗೆ ಹೋಗಿ ಒಂದು ಒಳ್ಳೆಯ ನಾಟಕ ನೋಡಬೇಕು, ಹೆಸರು ಕೇಳಿದ ಹೋಟೆಲುಗಳಲ್ಲಿ ಕುಳಿತು ತಿಂಡಿ ತಿನ್ನಬೇಕು ಎಂಬ ಅವರ ಆಸೆಯನ್ನು ನಾನು ಮೊದಲ ಸಲ ಪೂರೈಸಲು ಹೋದಾಗ ಎಲ್ಲವನ್ನೂ ತಲೆಕೆಳಗು ಮಾಡಿದ್ದೆ. ರೈಲಿನ ಟಿಕೆಟು ಮೊದಲು ತೆಗೆದೆ, ರೂಮು ಆಮೇಲೆ ಹಿಡಿದೆ, ಊರಿಗೆ ಹೋದ ಮೇಲೆ ಯಾವ ನಾಟಕವಿದೆ ಎಂದು ಹುಡುಕಿದೆ. ಸಂಜೆಯ ವಾಹನದಟ್ಟಣೆಯಲ್ಲಿ ಸಿಕ್ಕಿಕೊಂಡು ರಂಗಮಂದಿರದ ಬಾಗಿಲಿಗೆ ಬರುವಷ್ಟರಲ್ಲಿ ನಾಟಕ ಶುರುವಾಗಿ ನಾಲ್ಕು ನಿಮಿಷವಾಗಿತ್ತು, ಬಾಗಿಲು ಹಾಕಿತ್ತು. ತಪ್ಪು ಪೂರ್ತಿ ನನ್ನದೇ. ಅಮ್ಮ ಹೊರಗಿನ ಕಟ್ಟೆಯ ಮೇಲೆ ಕುಳಿತು, ಒಳಗಿನಿಂದ ಕೇಳಿಬರುತ್ತಿದ್ದ ತಬಲಾದ ಸದ್ದಿಗೆ ಬೆರಳಿನಲ್ಲಿ ತಾಳ ಹಾಕುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲಿನ ಪ್ರವಾಸಗಳಲ್ಲಿ ಕಲಿತದ್ದು ಇಷ್ಟು: ವಯಸ್ಸಾದವರೊಂದಿಗೆ ಹೋಗುವಾಗ ನಾಟಕ ಶುರುವಾಗುವಾಗ ಬಾರಿಸುವ ಮೂರನೆಯ ಗಂಟೆಯನ್ನು ಗೂಟದಂತೆ ನೆಟ್ಟು, ಅಲ್ಲಿಂದ ಹಿಂದಕ್ಕೆ ಒಂದೊಂದೇ ಗಂಟೆಯನ್ನು ಲೆಕ್ಕ ಹಾಕುತ್ತ ಬರಬೇಕು. ಊಟ, ನಿದ್ರೆ, ಔಷಧಿ, ರೂಮು, ರೈಲು ಎಲ್ಲವೂ ಆ ಗೂಟಕ್ಕೆ ಕಟ್ಟಿದ ಹಗ್ಗದಲ್ಲಿಯೇ ತಿರುಗಬೇಕು. ಈ ಲೇಖನ ಬೆಂಗಳೂರಿನ ದಕ್ಷಿಣ ಭಾಗವನ್ನು, ಅಂದರೆ ಬಸವನಗುಡಿ, ಜಯನಗರ, ಜೆ.ಪಿ. ನಗರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಏಕೆಂದರೆ ನಾಟಕದ ಮನೆಗಳೂ ಹಳೆಯ ಹೋಟೆಲುಗಳೂ ಇಷ್ಟು ಹತ್ತಿರ ಹತ್ತಿರ ಸಿಗುವ ಭಾಗ ಆ ಊರಿನಲ್ಲಿ ಇನ್ನೊಂದಿಲ್ಲ. ಮಲ್ಲೇಶ್ವರದವರು ಒಪ್ಪಲಿಕ್ಕಿಲ್ಲ, ಅದು ಅವರ ಹಕ್ಕು.

ಮೊದಲು ನಾಟಕ, ಉಳಿದದ್ದೆಲ್ಲ ಆಮೇಲೆ

ದಿನಾಂಕ ಗೊತ್ತುಮಾಡುವ ಮೊದಲೇ ಮೂರು ಕಡೆಯ ಕಾರ್ಯಕ್ರಮಪಟ್ಟಿಯನ್ನು ನೋಡಿ. ಒಂದು, ಜೆ.ಪಿ. ನಗರ ಎರಡನೆಯ ಹಂತದ ರಂಗಶಂಕರ. ಶಂಕರನಾಗ್ ಅವರ ನೆನಪಿನಲ್ಲಿ, ಅರುಂಧತಿ ನಾಗ್ ಅವರ ಮುಂದಾಳ್ತನದಲ್ಲಿ 2004ರಲ್ಲಿ ತೆರೆದ ಈ ರಂಗಮಂದಿರ ನಾಟಕಕ್ಕೆಂದೇ ಕಟ್ಟಿದ್ದು. ಸೋಮವಾರ ಬಿಟ್ಟು ಉಳಿದ ದಿನಗಳಲ್ಲಿ ಇಲ್ಲಿ ಒಂದಲ್ಲ ಒಂದು ಪ್ರದರ್ಶನವಿರುತ್ತದೆ. ಎರಡು, ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ. ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿ 1963ರಲ್ಲಿ ತೆರೆದ ಈ ದೊಡ್ಡ ಸಭಾಂಗಣದ ಹಿಂದೆಯೇ ಸಂಸ ಬಯಲು ರಂಗಮಂದಿರವೂ ಇದೆ. ಮೂರು, ಹನುಮಂತನಗರದ ಕೆಂಗಲ್ ಹನುಮಂತಯ್ಯ ಕಲಾಸೌಧ, ಆಟೋದವರಿಗೆ ಕೆ.ಎಚ್. ಕಲಾಸೌಧ ಎಂದರೆ ತಿಳಿಯುತ್ತದೆ. ಕನ್ನಡದ ಹವ್ಯಾಸಿ ತಂಡಗಳು ಇಲ್ಲಿ ಹೆಚ್ಚಾಗಿ ವಾರದ ಕೊನೆಯಲ್ಲಿ ಆಡುತ್ತವೆ.

ಪಟ್ಟಿಯಲ್ಲಿ ನಾಟಕದ ಹೆಸರನ್ನಷ್ಟೇ ನೋಡಿ ಟಿಕೆಟು ತೆಗೆಯಬೇಡಿ. ರಂಗಶಂಕರದಲ್ಲಿ ಕನ್ನಡದ ಜೊತೆಗೆ ಇಂಗ್ಲಿಷ್, ಹಿಂದಿ ಮತ್ತಿತರ ಭಾಷೆಗಳ ನಾಟಕಗಳೂ ನಡೆಯುವುದರಿಂದ ಭಾಷೆ ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾದದ್ದು ನಾಟಕದ ಬಗೆ. ಕಂಪನಿ ನಾಟಕ ನೋಡಿದ ತಲೆಮಾರಿನವರಿಗೆ ನಾಟಕವೆಂದರೆ ಹಾಡು, ಪರದೆ, ಝಗಮಗಿಸುವ ಉಡುಪು, ಕೊನೆಯ ಸಾಲಿನವರೆಗೂ ಕೇಳುವ ಕಂಠ. ಮೂರು ಕುರ್ಚಿ ಹಾಕಿಕೊಂಡು ಮೆಲ್ಲಗೆ ಮಾತನಾಡುವ ಹೊಸ ಪ್ರಯೋಗಕ್ಕೆ ಕರೆದೊಯ್ದರೆ, ನನ್ನ ಅಮ್ಮ ಒಮ್ಮೆ ಕೇಳಿದಂತೆ, "ಇವರು ನಾಟಕ ಯಾವಾಗ ಶುರು ಮಾಡುತ್ತಾರೋ?" ಎಂದು ಕೇಳಿಯಾರು. ಹಾಗೆಂದು ಹೊಸ ನಾಟಕ ಅವರಿಗೆ ರುಚಿಸುವುದಿಲ್ಲ ಎಂದು ನಾವೇ ತೀರ್ಮಾನಿಸುವುದೂ ಸರಿಯಲ್ಲ. ಕಥೆ ಏನು, ಹಾಡಿದೆಯೇ, ನಗುವಿದೆಯೇ ಎಂಬುದನ್ನು ಎರಡು ಮಾತಿನಲ್ಲಿ ಹೇಳಿ, ಎರಡು ಮೂರು ನಾಟಕಗಳನ್ನು ಅವರ ಮುಂದಿಟ್ಟು, ಆಯ್ಕೆಯನ್ನು ಅವರಿಗೇ ಬಿಡಿ. ಯಕ್ಷಗಾನಪ್ರಿಯರಾದರೆ ಇನ್ನೊಂದು ದಾರಿಯಿದೆ: ಮಳೆಗಾಲದಲ್ಲಿ ಕರಾವಳಿಯ ಮತ್ತು ಉತ್ತರ ಕನ್ನಡದ ಮೇಳಗಳು ಬೆಂಗಳೂರಿಗೆ ಬಂದು ಕಲಾಕ್ಷೇತ್ರದಲ್ಲಿ ಆಟ ಆಡುತ್ತವೆ. ಇಡೀ ರಾತ್ರಿಯ ಆಟಕ್ಕೆ ಆಸೆಪಟ್ಟರೂ ಕಾಲಮಿತಿಯ ಪ್ರದರ್ಶನಕ್ಕೇ ಒಪ್ಪಿಸುವುದು ಮೇಲು.

ನಾಟಕ ಗೊತ್ತಾದ ಮೇಲೆ ತಂಡದವರಿಗೋ ರಂಗಮಂದಿರಕ್ಕೋ ಒಂದು ಫೋನು ಮಾಡಿ. ಜನ ಸಾಮಾನ್ಯವಾಗಿ ಮಾಡುವುದಿಲ್ಲ. ಆದರೆ ಇಡೀ ತಯಾರಿಯಲ್ಲಿ ಹೆಚ್ಚು ಫಲ ಕೊಡುವ ಐದು ನಿಮಿಷ ಇದೇ. ನಾಟಕ ಎಷ್ಟು ಹೊತ್ತಿನದು ಮತ್ತು ನಡುವೆ ವಿರಾಮವಿದೆಯೇ ಎಂದು ಕೇಳಿ. ಈಗಿನ ಎಷ್ಟೋ ನಾಟಕಗಳು ವಿರಾಮವಿಲ್ಲದೆ ಒಂದೂವರೆ ಎರಡು ಗಂಟೆ ಓಡುತ್ತವೆ, ಗಂಟೆಗೊಮ್ಮೆ ಶೌಚಾಲಯಕ್ಕೆ ಹೋಗಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. ಬಾಗಿಲಿನಿಂದ ಆಸನದವರೆಗೆ ಎಷ್ಟು ಮೆಟ್ಟಿಲುಗಳಿವೆ, ಹಿಡಿದುಕೊಳ್ಳಲು ಕಂಬಿಯಿದೆಯೇ, ಮೆಟ್ಟಿಲು ಹತ್ತಲಾಗದವರಿಗೆ ಬೇರೆ ದಾರಿಯಿದೆಯೇ, ಶೌಚಾಲಯ ಯಾವ ಅಂತಸ್ತಿನಲ್ಲಿದೆ, ಇವನ್ನೂ ವಿಚಾರಿಸಿ. ಹೊಗೆ ಬಿಡುತ್ತಾರೆಯೇ, ಪಟಪಟನೆ ಮಿನುಗುವ ದೀಪವೋ ಗುಂಡಿನ ಸದ್ದೋ ಇದೆಯೇ ಎಂಬುದನ್ನು ಉಬ್ಬಸವಿರುವವರ, ಹೃದಯದ ತೊಂದರೆಯಿರುವವರ ಮಕ್ಕಳು ಕೇಳಲೇಬೇಕು. ನಾಟಕದವರು ಇಂಥ ಪ್ರಶ್ನೆಗೆ ಬೇಸರಪಟ್ಟುಕೊಂಡದ್ದನ್ನು ನಾನು ಕಂಡಿಲ್ಲ. ಒಮ್ಮೆಯಂತೂ ಆ ಕಡೆಯ ಹುಡುಗ, "ಅಜ್ಜಿಯನ್ನು ಹತ್ತು ನಿಮಿಷ ಮೊದಲೇ ಕರೆದುಕೊಂಡು ಬನ್ನಿ, ಒಳಗೆ ಕೂರಿಸಿಬಿಡುತ್ತೇವೆ" ಎಂದ.

ಯಾವ ವಾರ ಹೋಗಬೇಕು

ಇಲ್ಲೊಂದು ಪಂಚಾಂಗದ ಲೆಕ್ಕವಿದೆ. ಲಾಲ್‌ಬಾಗ್ ರಸ್ತೆಯ ಹಳೆಯ ಹೋಟೆಲು ಎಂಟಿಆರ್‌ಗೆ (ಮಾವಳ್ಳಿ ಟಿಫಿನ್ ರೂಮ್ಸ್) ಸೋಮವಾರ ರಜೆ. ಗಾಂಧಿ ಬಜಾರಿನ ದೋಸೆಯ ಹೋಟೆಲು ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಭಾನುವಾರ ತೆರೆಯುವುದಿಲ್ಲ. ರಂಗಶಂಕರದಲ್ಲಿ ಸೋಮವಾರ ನಾಟಕವಿಲ್ಲ. ಇವನ್ನೆಲ್ಲ ಸುಮ್ಮನೆ ಜೋಡಿಸಿ ನೋಡಿದರೆ ಮಂಗಳವಾರದಿಂದ ಗುರುವಾರದವರೆಗಿನ ದಿನಗಳೇ ಅನುಕೂಲವೆಂದು ತೋರುತ್ತದೆ. ಹೋಟೆಲುಗಳಲ್ಲಿ ನೂಕುನುಗ್ಗಲೂ ಆಗ ಕಡಿಮೆ. ಆದರೆ ವಾರದ ನಡುವಿನ ದಿನಗಳಲ್ಲಿ ನಾಟಕ ಶುರುವಾಗುವುದು ಸಂಜೆ 7.30ಕ್ಕೆ, ಮುಗಿಯುವುದು ಒಂಬತ್ತೂವರೆಗೆ. ಊರಿನಲ್ಲಿ ಎಂಟಕ್ಕೆ ಉಂಡು ಒಂಬತ್ತಕ್ಕೆ ಮಲಗುವ ಜೀವಕ್ಕೆ ಅದು ಹೊರೆ. ಅಲ್ಲದೆ ಸಂಜೆ ಐದರಿಂದ ಎಂಟರವರೆಗಿನ ಬೆಂಗಳೂರಿನ ರಸ್ತೆ ಯಾರ ಕೈಗೂ ಸಿಗುವುದಿಲ್ಲ.

ಆದ್ದರಿಂದ ನನ್ನ ಮತ ಭಾನುವಾರ ಮಧ್ಯಾಹ್ನದ ಪ್ರದರ್ಶನಕ್ಕೆ. ವಾರದ ಕೊನೆಯಲ್ಲಿ 3.30ಕ್ಕೆ ಒಂದು, 7.30ಕ್ಕೆ ಒಂದು ಹೀಗೆ ಎರಡು ಪ್ರದರ್ಶನ ಇಟ್ಟುಕೊಳ್ಳುವ ತಂಡಗಳು ಬೇಕಾದಷ್ಟಿವೆ. ಮೂರೂವರೆಯ ನಾಟಕ ಐದೂವರೆಗೆ ಮುಗಿಯುತ್ತದೆ, ಹೊರಗೆ ಬಂದಾಗ ಇನ್ನೂ ಬೆಳಕಿರುತ್ತದೆ, ಭಾನುವಾರವಾದ್ದರಿಂದ ರಸ್ತೆಯೂ ಸ್ವಲ್ಪ ಉಸಿರಾಡುತ್ತಿರುತ್ತದೆ. ಶನಿವಾರ ಊರಿನಿಂದ ಹೊರಟು ಸಂಜೆ ತಲುಪಿ ವಿಶ್ರಾಂತಿ, ಭಾನುವಾರ ಮುಂಜಾನೆ ಎಂಟಿಆರ್ ಮತ್ತು ಮಧ್ಯಾಹ್ನ ನಾಟಕ, ಸೋಮವಾರ ಬೆಳಿಗ್ಗೆ ಭಾನುವಾರದ ನೂಕಾಟವಿಲ್ಲದ ವಿದ್ಯಾರ್ಥಿ ಭವನ, ಆಮೇಲೆ ಊರ ದಾರಿ. ಈ ಹೊಂದಿಕೆಯಲ್ಲಿ ಯಾವ ರಜೆಯೂ ಅಡ್ಡ ಬರುವುದಿಲ್ಲ. ತಪ್ಪಿಹೋಗುವುದು ಬ್ರಾಹ್ಮಿನ್ಸ್ ಒಂದೇ. ಅದನ್ನೂ ಬೇಕಾದರೆ ಸೋಮವಾರಕ್ಕೆ ಸೇರಿಸಬಹುದು. ಹೊರಡುವ ಹಿಂದಿನ ದಿನ ಈ ರಜೆಗಳನ್ನು ಮತ್ತೊಮ್ಮೆ ಫೋನಿನಲ್ಲಿ ಕೇಳಿಕೊಳ್ಳಿ, ಹಬ್ಬಹರಿದಿನಗಳಲ್ಲಿ ಬದಲಾಗುತ್ತವೆ.

ತಿಂಗಳುಗಳಲ್ಲಿ ಡಿಸೆಂಬರಿನಿಂದ ಫೆಬ್ರುವರಿ ಒಳ್ಳೆಯದು. ಏಪ್ರಿಲ್, ಮೇ ಮತ್ತು ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಸಂಜೆಗಳಲ್ಲಿ ಗುಡುಗು ಸಹಿತ ಮಳೆ ಬಂದರೆ ಕೆಳಸೇತುವೆಗಳಲ್ಲಿ ನೀರು ನಿಂತು ಅರ್ಧ ಗಂಟೆಯ ದಾರಿ ಎರಡು ಗಂಟೆಯಾಗುತ್ತದೆ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಇರುತ್ತದೆ. ನೋಡಲೆಂದೇ ಹೋಗುವುದಾದರೆ ಸರಿ, ಮಂಡಿನೋವಿನವರನ್ನು ಆ ಜನಜಂಗುಳಿಯಲ್ಲಿ ನಡೆಸುವುದು ಬೇಡ.

ರೈಲಿನ ಟಿಕೆಟಿನಲ್ಲಿ ಒಂದು ಗುಟ್ಟು

ಶಿರಸಿಗೆ ರೈಲಿಲ್ಲ. ರಾತ್ರಿಯ ಸ್ಲೀಪರ್ ಬಸ್ಸು ನಮ್ಮವರಿಗೆಲ್ಲ ರೂಢಿ. ಆದರೆ ಮೇಲಿನ ಬರ್ತಿಗೆ ಏಣಿ ಹತ್ತುವ, ಚಾಲಕ ಎಲ್ಲಿ ನಿಲ್ಲಿಸುತ್ತಾನೋ ಅಲ್ಲಿಯವರೆಗೆ ತಡೆದುಕೊಳ್ಳುವ ಪ್ರಯಾಣ 70 ದಾಟಿದವರಿಗೆ ಹೇಳಿದ್ದಲ್ಲ. ನಾವು ಕಾರಿನಲ್ಲಿ ಹಾವೇರಿಗೆ ಬಂದು ಹುಬ್ಬಳ್ಳಿ ಕಡೆಯಿಂದ ಬರುವ ಹಗಲು ರೈಲು ಹಿಡಿಯುತ್ತೇವೆ. ರೈಲಿನಲ್ಲಿ ಶೌಚಾಲಯವಿದೆ, ಎದ್ದು ನಾಲ್ಕು ಹೆಜ್ಜೆ ಓಡಾಡಬಹುದು, ಮನೆಯ ಚಪಾತಿ ಹೊತ್ತಿಗೆ ಸರಿಯಾಗಿ ಬಿಚ್ಚಬಹುದು.

ರಾತ್ರಿ ರೈಲೇ ಆಗಬೇಕೆಂದಿದ್ದರೆ ಇದನ್ನು ನೆನಪಿಡಿ. ರೈಲ್ವೆಯಲ್ಲಿ 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಕೆಳಬರ್ತಿನ ಕೋಟಾ ಇದೆ. ಆದರೆ ಆ ಕೋಟಾದಲ್ಲಿ ಟಿಕೆಟು ಸಿಗುವುದು ಅಂಥವರು ಒಬ್ಬರೇ ಅಥವಾ ಇಬ್ಬರು ಹೋಗುವಾಗ ಮಾತ್ರ. ಅದೇ ಟಿಕೆಟಿನಲ್ಲಿ 40 ವರ್ಷದ ಮಗನ ಹೆಸರೂ ಸೇರಿದರೆ ಕೋಟಾ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಅಪ್ಪ ಅಮ್ಮ ಇಬ್ಬರದ್ದು ಒಂದು ಟಿಕೆಟು, ನಿಮ್ಮದು ಬೇರೆಯದೇ ಟಿಕೆಟು ಎಂದು ಮಾಡಿ. ಡಬ್ಬಿ ಬೇರೆಯಾದರೂ ಚಿಂತೆಯಿಲ್ಲ, ಒಮ್ಮೆ ಹೋಗಿ ನೋಡಿಕೊಂಡು ಬರಬಹುದು; ಮಧ್ಯದ ಬರ್ತಿಗೆ ಅಮ್ಮನನ್ನು ಹತ್ತಿಸುವುದಕ್ಕಿಂತ ಅದು ಎಷ್ಟೋ ವಾಸಿ. ಹಿರಿಯ ನಾಗರಿಕರಿಗೆ ಮೊದಲಿದ್ದ ರೈಲು ದರದ ರಿಯಾಯಿತಿ 2020ರ ಮಾರ್ಚಿನಿಂದ ನಿಂತಿದೆ, ಅದನ್ನು ನೆಚ್ಚಿಕೊಂಡು ಖರ್ಚಿನ ಲೆಕ್ಕ ಹಾಕಬೇಡಿ.

ಬೆಂಗಳೂರಿನಲ್ಲಿ ಇಳಿದ ಮೇಲೆ ಮೆಟ್ರೋ ಹತ್ತುವ ಉತ್ಸಾಹ ಬರುವುದು ಸಹಜ. ನೇರಳೆ ಮಾರ್ಗದ ನಿಲ್ದಾಣ ರೈಲ್ವೆ ನಿಲ್ದಾಣಕ್ಕೆ ಅಂಟಿಕೊಂಡೇ ಇದೆ. ಆದರೆ ಬಸವನಗುಡಿಯ ಕಡೆಗೆ ಹೋಗಲು ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಬೇಕು, ನೆಲದಡಿಯ ಆ ದೊಡ್ಡ ನಿಲ್ದಾಣದಲ್ಲಿ ಚೀಲ ಹಿಡಿದು ನಡೆಯಬೇಕಾದ ದೂರ ಕಡಿಮೆಯಲ್ಲ. ಬಂದ ದಿನ ಆಟೋ ಅಥವಾ ಕಾರಿನಲ್ಲಿ ನೇರವಾಗಿ ರೂಮಿಗೆ ಹೋಗಿ. ಮರುದಿನ ಚೀಲವಿಲ್ಲದಾಗ, ನ್ಯಾಷನಲ್ ಕಾಲೇಜು ನಿಲ್ದಾಣದಿಂದ ದಕ್ಷಿಣಕ್ಕೆ ನಾಲ್ಕಾರು ನಿಲ್ದಾಣ ಮೆಟ್ರೋದಲ್ಲಿ ಕರೆದೊಯ್ಯಿರಿ. ಲಿಫ್ಟ್ ಇದೆ, ಹಿರಿಯರಿಗೆ ಮೀಸಲು ಆಸನವಿದೆ, ಎತ್ತರದಿಂದ ಊರು ಕಾಣುತ್ತದೆ. ಅಮ್ಮನಿಗೆ ನಾಟಕದಷ್ಟೇ ಅದೂ ಹಿಡಿಸಿತು.

ರೂಮು ಎಲ್ಲಿ, ಎಂಥದ್ದು

ರೈಲು ನಿಲ್ದಾಣದ ಹತ್ತಿರವಲ್ಲ, ನಾಟಕದ ಹತ್ತಿರ. ಬಸವನಗುಡಿ ಅಥವಾ ಜಯನಗರದಲ್ಲಿ ಉಳಿದರೆ ಕಲಾಕ್ಷೇತ್ರ, ಕಲಾಸೌಧ, ರಂಗಶಂಕರ ಮೂರೂ ಆಟೋದ ಅಳವಿನಲ್ಲಿರುತ್ತವೆ, ಮಧ್ಯಾಹ್ನ ಬಂದು ಒಂದು ಗಂಟೆ ಮಲಗಿ ಹೋಗಲು ಆಗುತ್ತದೆ. ಈ ಮಧ್ಯಾಹ್ನದ ನಿದ್ರೆಯೇ ಇಡೀ ಯೋಜನೆಯ ನಡುಗಂಬ. ಅದಿಲ್ಲದೆ ಕರೆದೊಯ್ದರೆ ನಾಟಕದ ಎರಡನೆಯ ದೃಶ್ಯಕ್ಕೇ ತಲೆ ಎದೆಯ ಮೇಲೆ ಬಿದ್ದಿರುತ್ತದೆ.

ರೂಮು ಗೊತ್ತುಮಾಡುವಾಗ "ಲಿಫ್ಟ್ ಇದೆಯಾ?" ಎಂದು ಕೇಳಿದರೆ ಸಾಲದು. ನಾವು ಉಳಿದ ಒಂದು ವಸತಿಗೃಹದಲ್ಲಿ ಲಿಫ್ಟ್ ಇದ್ದದ್ದು ನಿಜ. ಅದು ಶುರುವಾಗುತ್ತಿದ್ದದ್ದು ಹನ್ನೆರಡು ಮೆಟ್ಟಿಲು ಹತ್ತಿದ ಮೇಲೆ. ಆ ಮೆಟ್ಟಿಲುಗಳನ್ನು ದಿನಕ್ಕೆ ಮೂರು ಸಲ ಹತ್ತಿಳಿದು ನಾಟಕದ ಹೊತ್ತಿಗೆ ಅಮ್ಮನ ಮಂಡಿ ಊದಿಕೊಂಡಿತ್ತು. ಹೀಗೆ ಕೇಳಿ: "ರಸ್ತೆಯಿಂದ ಲಿಫ್ಟಿನವರೆಗೆ ಎಷ್ಟು ಮೆಟ್ಟಿಲು? ಬಚ್ಚಲಿಗೆ ಇಳಿಯಲು ಮೆಟ್ಟಿಲಿದೆಯಾ? ಕಮೋಡ್ ಇದೆಯಾ? ಬಿಸಿನೀರು ಬೆಳಿಗ್ಗೆ ಎಷ್ಟು ಗಂಟೆಯಿಂದ?" ಮಂಚದ ಎತ್ತರ, ಬಚ್ಚಲ ನೆಲದ ಜಾರಿಕೆ, ರಾತ್ರಿ ದೀಪದ ಗುಂಡಿ ಎಲ್ಲಿದೆ ಎಂಬುದನ್ನು ಹೋದ ಕೂಡಲೇ ನೋಡಿಕೊಂಡು ಅವರಿಗೂ ತೋರಿಸಿಬಿಡಿ.

ತಿಂಡಿ: ಕುಳಿತು ತಿನ್ನುವ ಜಾಗ ಮಾತ್ರ

ಬೆಂಗಳೂರಿನ ತಿಂಡಿಯ ಖ್ಯಾತಿಯಲ್ಲಿ ದರ್ಶಿನಿಗಳ ಪಾಲು ದೊಡ್ಡದು. ಆದರೆ ನಿಂತೇ ತಿನ್ನುವ ಆ ಎತ್ತರದ ಮೇಜು ಮಂಡಿನೋವಿನವರ ಶತ್ರು. ಬ್ರಾಹ್ಮಿನ್ಸ್‌ನ ಇಡ್ಲಿ, ವಡೆ, ಮೇಲೆ ಸುರಿಯುವ ಚಟ್ನಿ ಬೇಕೇ ಬೇಕೆಂದರೆ ಅವರನ್ನು ಕಾರಿನಲ್ಲೇ ಕೂರಿಸಿ ತಟ್ಟೆಯನ್ನು ಅಲ್ಲಿಗೇ ತನ್ನಿ. ಅಲ್ಲಿ ಸಾಂಬಾರು ಕೇಳಬೇಡಿ, ಕೊಡುವುದಿಲ್ಲ.

ಎಂಟಿಆರ್ ಶುರುವಾದದ್ದು 1924ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಲು ತೊಡಗಿದ್ದು ತಾವೇ ಎಂದು ಆ ಹೋಟೆಲಿನವರು ಹೇಳಿಕೊಳ್ಳುತ್ತಾರೆ. ಹೆಸರು ಕೇಳಿ ಹೋದವರೆಲ್ಲ ಮಧ್ಯಾಹ್ನದ ಊಟಕ್ಕೇ ನುಗ್ಗುತ್ತಾರೆ. ನಾನು ಹೇಳುವುದು ಅದನ್ನು ಬಿಡಿ ಎಂದು. ಒಂದರ ಹಿಂದೆ ಒಂದು ಬಡಿಸುತ್ತ ಹೋಗುವ ಆ ಊಟ ರುಚಿಯದೇ ಹೌದು, ಆದರೆ ಭಾನುವಾರ ಅದಕ್ಕೆ ಕಾಯಬೇಕಾದ ಹೊತ್ತು, ಉಂಡ ಮೇಲಿನ ಭಾರ ಎರಡೂ ಮೂರೂವರೆಯ ನಾಟಕಕ್ಕೆ ಆಗಿಬರುವುದಿಲ್ಲ. ನಮ್ಮ ಹಿರಿಯರಿಗೆ ದೇವರು ಕೊಟ್ಟ ಒಂದು ಅನುಕೂಲವಿದೆ: ಅವರು ಐದು ಗಂಟೆಗೇ ಎದ್ದು ಕುಳಿತಿರುತ್ತಾರೆ. ಬೆಂಗಳೂರು ಭಾನುವಾರ ಏಳುವುದು ಎಂಟರ ಮೇಲೆ. ಈ ನಡುವಿನ ಹೊತ್ತನ್ನು ಬಳಸಿಕೊಂಡು ಏಳಕ್ಕೇ ಹೋಗಿ ಕುಳಿತುಬಿಟ್ಟರೆ ಕಾಯುವ ಪ್ರಮೇಯವೇ ಬರುವುದಿಲ್ಲ. ರವೆ ಇಡ್ಲಿಯ ಮೇಲೆ ಒಂದು ಚಮಚ ತುಪ್ಪ, ಜೊತೆಗೆ ಸಾಗು. ಆಮೇಲೆ ಸಕ್ಕರೆಯಿಲ್ಲದ ಕಾಫಿ ಬೇಕೆಂದು ಮೊದಲೇ ಹೇಳಿ. ಅಲ್ಲಿಂದ ಲಾಲ್‌ಬಾಗ್ ಕೂಗಳತೆಯ ದೂರ. ಒಳಗೆ ಪೂರ್ತಿ ಸುತ್ತುವ ಹಟ ಬೇಡ, ನೆರಳಿನ ಕಲ್ಲುಬೆಂಚಿನಲ್ಲಿ ಅರ್ಧ ಗಂಟೆ ಕುಳಿತು ಹತ್ತರೊಳಗೆ ರೂಮಿಗೆ ಬನ್ನಿ.

ವಿದ್ಯಾರ್ಥಿ ಭವನಕ್ಕೆ ಸೋಮವಾರ ಎಂಟೂವರೆ ಒಂಬತ್ತರ ಹೊತ್ತಿಗೆ ಹೋಗಿ. 1943ರಿಂದ ನಡೆದುಬಂದ ಈ ಹೋಟೆಲಿನಲ್ಲಿ ಜಾಗ ಖಾಲಿಯಿಲ್ಲದಿದ್ದರೆ ಹೆಸರು ಬರೆಸಿ ಹೊರಗೆ ನಿಲ್ಲಬೇಕು, ಒಳಗಿನಿಂದ ಕೂಗಿ ಕರೆಯುತ್ತಾರೆ. ಶ್ರವಣಸಾಧನದವರಿಗೆ ಆ ಕೂಗು ಕೇಳಿಸದು, ನೀವು ಬಾಗಿಲಲ್ಲಿ ನಿಂತು ಅವರನ್ನು ಎಲ್ಲಾದರೂ ಕೂರಿಸಿ. ಒಳಗೆ ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ರೇಖಾಚಿತ್ರಗಳಿವೆ. ಮಾಣಿ ಎಡಗೈಯ ಮೇಲೆ ದೋಸೆಯ ತಟ್ಟೆಗಳನ್ನು ಮೊಣಕೈ ದಾಟುವವರೆಗೆ ಒಂದರ ಮೇಲೊಂದು ಏರಿಸಿಕೊಂಡು ಬಂದು, ಬಲಗೈಯಿಂದ ಇಸ್ಪೀಟು ಎಲೆ ಹಂಚಿದಂತೆ ಮೇಜಿಗೊಂದು ಜಾರಿಸುತ್ತ ಹೋಗುವುದನ್ನು ಅಮ್ಮ ತಿನ್ನುವುದನ್ನೂ ಮರೆತು ನೋಡಿದರು. "ಇದೇ ಒಂದು ನಾಟಕ" ಎಂದರು. ಮಸಾಲೆ ದೋಸೆ ದಪ್ಪ, ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಬೆಣ್ಣೆ ಧಾರಾಳ. ಹಲ್ಲು ಸಡಿಲವಿದ್ದವರಿಗೆ ಅಂಚು ಗಟ್ಟಿಯಾಗಬಹುದು. ಅದನ್ನು ನೀವು ತಿನ್ನಿ, ನಡುಭಾಗವನ್ನು ಚಟ್ನಿಯಲ್ಲಿ ನೆನೆಸಿ ಅವರಿಗೆ ಕೊಡಿ. ಇಬ್ಬರ ನಡುವೆ ಒಂದು ದೋಸೆ, ಒಂದು ಖಾರಾಬಾತು ಸಾಕು.

ಬೇರೆಯ ರುಚಿಯವರಿಗೂ ಈ ಭಾಗದಲ್ಲಿ ಕೊರತೆಯಿಲ್ಲ. ಬ್ಯೂಗಲ್ ರಾಕ್ ಪಕ್ಕದ ಕಾಮತ್‌ನಲ್ಲಿ ಜೋಳದ ರೊಟ್ಟಿಯ ಊಟ ಸಿಗುತ್ತದೆ, ಕೂರಲು ವಿಶಾಲವಾಗಿದೆ. ಮಾಂಸಾಹಾರಿಗಳಾದ ಅಪ್ಪಂದಿರಿಗೆ ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನ ದೊನ್ನೆ ಬಿರಿಯಾನಿಯ ಆಸೆ ಇದ್ದೀತು. ಭಾನುವಾರ ಮಧ್ಯಾಹ್ನ ಅಲ್ಲಿ ನಿಲ್ಲಲೂ ಜಾಗವಿರುವುದಿಲ್ಲವಾದ್ದರಿಂದ ಕಟ್ಟಿಸಿಕೊಂಡು ರೂಮಿಗೆ ತನ್ನಿ.

ನಾಟಕದ ದಿನ, ಗಂಟೆ ಗಂಟೆಯಾಗಿ

ಮಧ್ಯಾಹ್ನ ಹನ್ನೆರಡೂಕಾಲಕ್ಕೆ ರೂಮಿನ ಹತ್ತಿರದಲ್ಲೇ ಹಗುರವಾದ ಊಟ: ಅನ್ನ, ಸಾರು, ಒಂದು ಪಲ್ಯ, ಮಜ್ಜಿಗೆ. ಒಂದರಿಂದ ಎರಡರವರೆಗೆ ನಿದ್ರೆ. ಎದ್ದ ಮೇಲೆ ಕಾಫಿ ಅರ್ಧ ಲೋಟ, ನೀರು ಮಿತವಾಗಿ. ಎರಡೂವರೆಗೆ ಆಟೋ ಹತ್ತಿದರೆ ಮೂರಕ್ಕೆ ರಂಗಮಂದಿರದಲ್ಲಿರುತ್ತೀರಿ. ಭಾನುವಾರದ ದಾರಿಗೆ ಅಷ್ಟು ಹೊತ್ತು ಬೇಡವೆಂದು ಫೋನಿನ ನಕಾಶೆ ಹೇಳುತ್ತದೆ. ಅದರ ಮಾತು ಕೇಳಬೇಡಿ. ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ, ಇದರಲ್ಲಿ ಹಿರಿಯರು ಕಿರಿಯರೆಂಬ ಭೇದವಿಲ್ಲ.

ಬೇಗ ಹೋಗಲು ಇನ್ನೂ ಒಂದು ಕಾರಣವಿದೆ. ಅಲ್ಲಿ ಆಸನಗಳಿಗೆ ಸಂಖ್ಯೆಯಿರುವುದಿಲ್ಲ. ಮೊದಲು ಹೋದವರಿಗೆ ಮೊದಲು ಆಯ್ಕೆ. ಆಸನಗಳು ಮೆಟ್ಟಿಲು ಮೆಟ್ಟಿಲಾಗಿ ಕಡಿದಾಗಿ ಏರಿರುವುದರಿಂದ ದೀಪ ಆರುವ ಮೊದಲೇ ಕುಳಿತಿರಬೇಕು, ಏಕೆಂದರೆ ಕಣ್ಣಿನ ಪೊರೆಯವರಿಗೆ ಕತ್ತಲೆಯಲ್ಲಿ ಮೆಟ್ಟಿಲಿನ ಅಂಚು ಕಾಣುವುದೇ ಇಲ್ಲ. ಬಾಗಿಲಲ್ಲಿರುವ ಕಾರ್ಯಕರ್ತರಿಗೆ "ಇವರಿಗೆ ಮೆಟ್ಟಿಲು ಕಷ್ಟ" ಎಂದು ಒಂದು ಮಾತು ಹೇಳಿ, ಹೆಚ್ಚು ಹತ್ತಿಳಿಯಬೇಕಿಲ್ಲದ ಸಾಲಿನಲ್ಲಿ ದಾರಿಯ ಬದಿಯ ಆಸನವನ್ನು ಅವರಿಗೆ ಕೊಟ್ಟು, ಅವರ ಒಳಬದಿಗೆ ನೀವು ಕುಳಿತುಕೊಳ್ಳಿ. ಯಾವ ಕಿವಿ ಚೆನ್ನಾಗಿ ಕೇಳುತ್ತದೆಯೋ ಆ ಕಿವಿ ರಂಗದ ಕಡೆಗಿರುವಂತೆ ಎಡಭಾಗವೋ ಬಲಭಾಗವೋ ಆರಿಸಿ. ಸಣ್ಣ ಸಂಗತಿಯೆನಿಸುತ್ತದೆ, ಆದರೆ ಬಲಗಿವಿ ಮಂದವಾದ ಅಮ್ಮನನ್ನು ಎಡಗಿವಿ ಗೋಡೆಯ ಕಡೆಗಿರುವಂತೆ ಕೂರಿಸಿ ಒಂದಿಡೀ ನಾಟಕದ ಅರ್ಧ ಮಾತನ್ನು ನಾನೇ ಕಳೆದಿದ್ದೇನೆ. ಶ್ರವಣಸಾಧನಕ್ಕೆ ಬೆಳಿಗ್ಗೆಯೇ ಹೊಸ ಬ್ಯಾಟರಿ ಹಾಕಿ. ಕಿವಿಯಲ್ಲಿ ಸಡಿಲವಾಗಿದ್ದರೆ ಅದು ಸಿಳ್ಳೆ ಹಾಕುತ್ತದೆ, ಮೌನದ ದೃಶ್ಯದಲ್ಲಿ ಆ ಸಿಳ್ಳೆ ನಟನಿಗೂ ಕೇಳುತ್ತದೆ. ಇಬ್ಬರ ಫೋನನ್ನೂ ಪೂರ್ತಿ ಆರಿಸಿ. ಅಮ್ಮನ ಸೆರಗಿನ ಮರೆಯ ಚೀಲದಲ್ಲಿರುವ ಹಳೆಯ ಗುಂಡಿ ಫೋನನ್ನು ಮರೆಯುವುದೇ ಹೆಚ್ಚು.

ಒಳಗೆ ಹೋಗುವ ಮೊದಲು ಶೌಚಾಲಯ. ಹವಾನಿಯಂತ್ರಣದ ಚಳಿಗೆ ಒಂದು ಶಾಲು. ಸಕ್ಕರೆ ಕಾಯಿಲೆಯವರ ಚೀಲದಲ್ಲಿ ಸದ್ದಾಗದ ಹಾಳೆಯಲ್ಲಿ ಸುತ್ತಿದ ಎರಡು ಬೆಲ್ಲದ ತುಂಡೋ ಸಕ್ಕರೆ ಮಿಠಾಯಿಯೋ ಇರಲಿ.

ಸಂಜೆ 7.30ರ ನಾಟಕವೇ ಆದರೆ ಊಟದ ಲೆಕ್ಕ ಪೂರ್ತಿ ಬದಲಾಗುತ್ತದೆ. ಬೆಂಗಳೂರಿನ ಹೆಚ್ಚಿನ ಹೋಟೆಲುಗಳಲ್ಲಿ ರಾತ್ರಿಯ ಊಟ ಏಳರ ಮೇಲೆಯೇ ಸಿಗುವುದು, ಅದಕ್ಕೆ ಮೊದಲು ತಿಂಡಿ ಮಾತ್ರ. ಆರು ಗಂಟೆಗೆ ಇಡ್ಲಿಯನ್ನೋ ಚಪಾತಿಯನ್ನೋ ತಿನ್ನಿಸಿ. ರಂಗಶಂಕರದ ಕೆಫೆಯಲ್ಲಿಯೂ ನಾಟಕಕ್ಕೆ ಮೊದಲು ತಿನ್ನಲು ಸಿಗುತ್ತದೆ. ಒಂಬತ್ತೂವರೆಗೆ ಹೊರಬಿದ್ದಾಗ ಹಳೆಯ ಹೋಟೆಲುಗಳು ಬಾಗಿಲು ಹಾಕಿರುತ್ತವೆ, ಆದ್ದರಿಂದ ಮೊಸರನ್ನದ ಡಬ್ಬಿ ರೂಮಿನಲ್ಲಿ ಸಿದ್ಧವಿರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಆ ದಿನದ ಹೊತ್ತುಗಳನ್ನು ಹೇಗೆ ಹೊಂದಿಸಬೇಕೆಂದು ಊರಿನಲ್ಲಿಯೇ ತಮ್ಮ ವೈದ್ಯರನ್ನು ಕೇಳಿ ಬರಬೇಕು. ಅದನ್ನು ನೀವೂ ನಾನೂ ಅಂದಾಜಿನಲ್ಲಿ ಮಾಡುವುದಲ್ಲ. ಔಷಧಿಗಳ ಹೆಸರು ಬರೆದ ಚೀಟಿ, ಒಂದು ದಿನಕ್ಕೆ ಹೆಚ್ಚಾಗುವಷ್ಟು ಮಾತ್ರೆ, ಎರಡೂ ದೊಡ್ಡ ಪೆಟ್ಟಿಗೆಯಲ್ಲಲ್ಲ, ಕೈಚೀಲದಲ್ಲಿ.

ನಾಟಕ ಮುಗಿದ ಕೂಡಲೇ ಏಳಬೇಡಿ. ಎಲ್ಲರೂ ಒಟ್ಟಿಗೆ ಮೆಟ್ಟಿಲಿಳಿಯುವ ಆ ಐದು ನಿಮಿಷ ಕುಳಿತೇ ಇರಿ. ಅಷ್ಟೊತ್ತು ಕುಳಿತ ಮಂಡಿ ಹಿಡಿದುಕೊಂಡಿರುತ್ತದೆ, ನಿಧಾನವಾಗಿ ಕಾಲು ಚಾಚಿ ಮಡಚಲು ಹೇಳಿ. ಅಷ್ಟರಲ್ಲಿ ಕಲಾವಿದರು ಬಣ್ಣ ಒರೆಸಿಕೊಳ್ಳುತ್ತ ಹೊರಗೆ ಬಂದಿರುತ್ತಾರೆ. ಹೋಗಿ ಮಾತನಾಡಿಸಿ. ಹಿಂದಿನ ಸಲ ಅಮ್ಮ ಒಬ್ಬ ನಟಿಯ ಕೈ ಹಿಡಿದುಕೊಂಡು, "ನಿನ್ನ ಧ್ವನಿ ಕಡೆಯ ಸಾಲಿಗೂ ಮುಟ್ಟುತ್ತದೆ ಮಗಾ, ಆದರೆ ಅಳುವಾಗ ಮಾತು ನುಂಗುತ್ತೀಯೆ" ಎಂದರು. ಆ ಹುಡುಗಿ ನಕ್ಕು, ಯಾವ ದೃಶ್ಯ ಎಂದು ಕೇಳಿ, ಅಮ್ಮನ ಪಕ್ಕದ ಕಟ್ಟೆಯ ಮೇಲೆ ಕುಳಿತೇಬಿಟ್ಟಳು. ಆಟೋದವನಿಗೆ ಇನ್ನು ಇಪ್ಪತ್ತು ನಿಮಿಷ ಬಿಟ್ಟು ಬಾ ಎಂದು ಫೋನು ಮಾಡಿದೆ.